ಪೀಟ್ ಸೀಗರನೂ ಸಮೂಹಗಾನವೂ

ಜನಪದಗೀತೆಗೆ ಕರ್ತೃವಿಲ್ಲವೆಂಬುದು ವಿದ್ವಾಂಸರಲ್ಲಿ ರೂಢಿಯಾಗಿರುವ ಮಾತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತಾನು ಹಾಡುವ ತ್ರಿಪದಿಯನ್ನು ಕಟ್ಟಿದವರಾರೆಂದು ವಿಚಾರಿಸುವುದಿಲ್ಲ. ಬೇಕಾದೆಡೆಯಲ್ಲಿ ಒಂದು ಹೆಸರನ್ನು ಬದಲಿಸಿ, ಬೇಡವಾದೆಡೆಯಲ್ಲಿ ಒಂದು ನುಡಿಯನ್ನು ಬಿಟ್ಟು, ಅದನ್ನು ತನ್ನದಾಗಿ ಮಾಡಿಕೊಳ್ಳುವಳು. ಹಾಡು ಬಾಯಿಂದ ಬಾಯಿಗೆ ಸಾಗುವ ತನಕ ಈ ವ್ಯವಸ್ಥೆಗೆ ಯಾವ ಬಾಧಕವೂ ಇಲ್ಲ. ಆದರೆ ಅಚ್ಚಿನ ಪುಸ್ತಕವೂ ಗ್ರಾಮೋಫೋನ್ ತಟ್ಟೆಯೂ ರೇಡಿಯೋ ಯಂತ್ರವೂ ಬಂದು ಹಾಡು ಮಾರಾಟದ ವಸ್ತುವಾದ ಮೇಲೆ, ಅದು ಯಾರದು, ಅದರಿಂದ ಬರುವ ಹಣವು ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಗಳು ಏಳುವುವು. ಈ ಪ್ರಶ್ನೆಗಳ ನಡುವೆಯೇ ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹಾಡುತ್ತ ಬಾಳಿದವನು ಅಮೆರಿಕದ ಪೀಟ್ ಸೀಗರ್ (1919–2014). ಈತನು ಹಾಡುವವನೂ ಹೌದು, ಹಾಡು ಕಟ್ಟಿದವನೂ ಹೌದು, ಹಳೆಯ ಹಾಡುಗಳನ್ನು ಹುಡುಕಿ ಹಂಚಿದವನೂ ಹೌದು. ಕಾರ್ಮಿಕರ ಸಂಘಟನೆ, ವರ್ಣಭೇದದ ನಿವಾರಣೆ, ಯುದ್ಧದ ವಿರೋಧ, ನದಿಯ ಶುದ್ಧೀಕರಣ ಎಂಬ ನಾಲ್ಕು ಕಾರ್ಯಗಳಿಗೂ ತನ್ನ ಗಾನವನ್ನು ಒಪ್ಪಿಸಿದನು. ಈತನ ಚರಿತ್ರೆಯನ್ನು ಪರಿಶೀಲಿಸಿದರೆ, ಹಾಡನ್ನು ಜನರ ಬಾಯಿಗೆ ಹಿಂದಿರುಗಿಸುವುದೇ ಈತನ ಮುಖ್ಯೋದ್ದೇಶವಾಗಿತ್ತೆಂದೂ, ಆ ಉದ್ದೇಶವು ಎಲ್ಲಿ ಕೈಗೂಡಿತು, ಎಲ್ಲಿ ತಪ್ಪಿತು ಎಂಬುದರಲ್ಲಿಯೇ ಈತನ ಜೀವನದ ಸಾರವಿರುವುದೆಂದೂ ಕಂಡುಬರುವುದು.

1. ಮನೆತನ ಮತ್ತು ಅಭ್ಯಾಸ

ಸೀಗರನು 1919ನೆಯ ಇಸವಿ ಮೇ ತಿಂಗಳು 3ನೆಯ ತಾರೀಖು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದನು. ತಂದೆಯಾದ ಚಾರ್ಲ್ಸ್ ಸೀಗರ್ ಸಂಗೀತಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸ. ತಾಯಿ ಕಾನ್‌ಸ್ಟನ್ಸ್ ಪಿಟೀಲು ವಾದಕಿ. ತಂದೆಯು ಮೊದಲನೆಯ ಮಹಾಯುದ್ಧವನ್ನು ವಿರೋಧಿಸಿದ ಕಾರಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅಧ್ಯಾಪಕಪದವಿಯನ್ನು ಬಿಡಬೇಕಾಗಿ ಬಂದಿತ್ತು. ಆ ಬಳಿಕ ದಂಪತಿಗಳು ಮನೆಯಲ್ಲಿಯೇ ಕಟ್ಟಿದ ಒಂದು ಬಂಡಿಯನ್ನು ಮೋಟಾರಿಗೆ ಜೋಡಿಸಿಕೊಂಡು, ಮಕ್ಕಳೊಡನೆ ದಕ್ಷಿಣ ಸಂಸ್ಥಾನಗಳ ಹಳ್ಳಿಗಳಿಗೆ ಹೊರಟರು. ಶಾಸ್ತ್ರೀಯಸಂಗೀತವನ್ನು ಅರಿಯದ ಜನಕ್ಕೆ ಅದನ್ನು ಕೇಳಿಸಬೇಕೆಂಬುದು ಅವರ ಅಭಿಲಾಷೆ. ಹಳ್ಳಿಗರು ಮರ್ಯಾದೆಯಿಂದ ಕೇಳಿ, ತಮ್ಮ ಪಿಟೀಲು ಬ್ಯಾಂಜೋಗಳನ್ನು ತಂದು ತಾವೂ ನುಡಿಸಿ ತೋರಿಸಿದರು. ಕಲಿಸಲು ಹೋದವರು ಕಲಿತು ಬಂದರೆಂದೇ ಹೇಳಬೇಕು.

ಪೀಟನಿಗೆ ಆ ಸಂಗೀತದ ನೇರವಾದ ಪರಿಚಯವಾದುದು 1936ರಲ್ಲಿ. ಉತ್ತರ ಕ್ಯಾರೊಲಿನದ ಆಶ್‌ವಿಲ್ ಎಂಬಲ್ಲಿ ಬಾಸ್ಕಂ ಲಾಮಾರ್ ಲನ್ಸ್‌ಫರ್ಡನು ನಡೆಸುತ್ತಿದ್ದ ಗುಡ್ಡಗಾಡಿನ ಹಾಡುಕುಣಿತಗಳ ಉತ್ಸವಕ್ಕೆ ತಂದೆಯೊಡನೆ ಹೋಗಿದ್ದಾಗ, ಅಲ್ಲಿ ಐದು ತಂತಿಗಳ ಬ್ಯಾಂಜೋವನ್ನು ಕೇಳಿ ಆತನು ಮನಸೋತನು. ಈ ವಾದ್ಯದ ಮೂಲವು ಆಫ್ರಿಕ ಖಂಡದ್ದು. ಗುಲಾಮರಾಗಿ ಬಂದವರು ಅದನ್ನು ಅಮೆರಿಕಕ್ಕೆ ತಂದರು. ಕಾಲಕ್ರಮದಲ್ಲಿ ಗುಡ್ಡಗಾಡಿನ ಬಿಳಿಯರೂ ಅದನ್ನು ಕೈಗೆತ್ತಿಕೊಂಡರು. 1938ರಲ್ಲಿ ಹಾರ್ವರ್ಡ್ ವಿದ್ಯಾಲಯವನ್ನು ಪದವಿ ಪಡೆಯದೆಯೇ ಬಿಟ್ಟು, ಸೀಗರನು ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದ ಜನಪದಗೀತ ಭಂಡಾರದಲ್ಲಿ ಅಲನ್ ಲೋಮ್ಯಾಕ್ಸನಿಗೆ ಸಹಾಯಕನಾದನು. ರಾಶಿರಾಶಿಯಾಗಿ ಬಿದ್ದಿದ್ದ ತಟ್ಟೆಗಳನ್ನು ಕೇಳಿ, ಉತ್ತಮವಾದವನ್ನು ಆರಿಸುವುದು ಅಲ್ಲಿಯ ಕೆಲಸ. ಇದೇ ಆತನ ನಿಜವಾದ ವಿಶ್ವವಿದ್ಯಾನಿಲಯವಾಯಿತು.

1948ರಲ್ಲಿ ಆತನು ಐದು ತಂತಿಯ ಬ್ಯಾಂಜೋವನ್ನು ಕಲಿಯುವ ಕ್ರಮವನ್ನು ಕುರಿತು ಒಂದು ಕೈಪಿಡಿಯನ್ನು ಬರೆದು, ಸ್ವಂತ ಖರ್ಚಿನಿಂದ ಸೈಕ್ಲೋಸ್ಟೈಲ್ ಪ್ರತಿಗಳನ್ನು ತೆಗೆಸಿ ಹಂಚಿದನು. ಮರೆಯಾಗುತ್ತಿದ್ದ ಆ ವಾದ್ಯವು ಮುಂದಿನ ಪೀಳಿಗೆಯ ಕೈಗೆ ಬಂದುದಕ್ಕೆ ಈ ಸಣ್ಣ ಪುಸ್ತಕವು ದೊಡ್ಡ ಕಾರಣ. ತನ್ನ ಕಂಠಕ್ಕೆ ಒಪ್ಪುವ ಶ್ರುತಿ ದೊರೆಯಲೆಂದು ಆತನು ವಾದ್ಯದ ದಂಡಿಯನ್ನು ನೀಳಮಾಡಿಸಿ ಮೂರು ಮೆಟ್ಟಿಲುಗಳನ್ನು ಹೆಚ್ಚಿಸಿದನು. ಆ ಮಾದರಿಯು ಈಗ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

2. ಕಾರ್ಮಿಕರ ನಡುವೆ

1940ನೆಯ ಮಾರ್ಚ್ 3ರಂದು, ಊರು ಬಿಟ್ಟು ವಲಸೆ ಹೋದ ಕೃಷಿಕೂಲಿಗಳ ಸಹಾಯಾರ್ಥವಾಗಿ ನ್ಯೂಯಾರ್ಕಿನಲ್ಲಿ ನಡೆದ ಗಾನಸಭೆಯೊಂದರಲ್ಲಿ ಸೀಗರನು ವುಡಿ ಗಥ್ರಿಯನ್ನು ಸಂಧಿಸಿದನು. ಗಥ್ರಿಯು ಓಕ್ಲಹೋಮದವನು, ಬರಗಾಲದ ಧೂಳಿನಲ್ಲಿ ಅಲೆದವನು, ದಿನದಿನದ ಸುದ್ದಿಯನ್ನೇ ಹಾಡಾಗಿ ಕಟ್ಟಬಲ್ಲವನು. ಇಬ್ಬರೂ ಕೂಡಿ ಕೆಲಕಾಲ ದೇಶವನ್ನು ಸುತ್ತಿದರು. ಮರುವರ್ಷ ಲೀ ಹೇಸ್ ಮೊದಲಾದವರೊಡನೆ ಆಲ್ಮನಾಕ್ ಸಿಂಗರ್ಸ್ ಎಂಬ ಮೇಳವು ರೂಪುಗೊಂಡು, ಕಾರ್ಮಿಕ ಸಂಘಗಳ ಸಭೆಗಳಲ್ಲಿಯೂ ಮುಷ್ಕರಗಳಲ್ಲಿಯೂ ಹಾಡತೊಡಗಿತು. ಎಲ್ಲರಿಗೂ ತಿಳಿದ ಹಳೆಯ ಧಾಟಿಗೆ ಹೊಸ ಮಾತನ್ನು ಜೋಡಿಸುವುದು ಇವರ ಪದ್ಧತಿ. ಧಾಟಿಯು ಮೊದಲೇ ಬಾಯಲ್ಲಿದ್ದುದರಿಂದ ಕೇಳುಗರು ಎರಡನೆಯ ನುಡಿಗೆ ದನಿಗೂಡಿಸಬಲ್ಲವರಾಗಿದ್ದರು.

ಈ ಕಾಲದ ದೋಷಗಳನ್ನೂ ಮರೆಮಾಚಬಾರದು. ಸೀಗರನು ಪ್ರಾಯದಲ್ಲಿ ಕಮ್ಯೂನಿಸ್ಟ್ ಪಕ್ಷವನ್ನು ಸೇರಿ, 1949ರ ಸುಮಾರಿಗೆ ಅದನ್ನು ಬಿಟ್ಟನು. 1941ರಲ್ಲಿ ಆಲ್ಮನಾಕ್ ಮೇಳವು ಅಮೆರಿಕವು ಯುದ್ಧಕ್ಕಿಳಿಯಕೂಡದೆಂದು ಹಾಡುಗಳನ್ನು ಮುದ್ರಿಸಿತು. ಹಿಟ್ಲರನು ಅದೇ ವರ್ಷ ರಷ್ಯದ ಮೇಲೆ ದಂಡೆತ್ತಿಹೋದೊಡನೆ ಆ ತಟ್ಟೆಗಳನ್ನು ಹಿಂತೆಗೆದುಕೊಂಡು ಯುದ್ಧಪರವಾದ ಹಾಡುಗಳಿಗೆ ತೊಡಗಿತು. ಇದು ಸ್ವಂತ ವಿವೇಚನೆಗಿಂತ ಪಕ್ಷದ ಧೋರಣೆಗೆ ಕಿವಿಗೊಟ್ಟುದರ ಫಲವೆಂಬ ಆಕ್ಷೇಪಣೆಯು ನ್ಯಾಯವಾದುದೇ. ಸ್ಟಾಲಿನ್ನನ ಕ್ರೌರ್ಯವನ್ನು ಬೇಗನೆ ಗುರುತಿಸದೆ ಹೋದುದಕ್ಕಾಗಿ ಸೀಗರನು ಮುಂದೆ ಬಹಿರಂಗವಾಗಿ ವಿಷಾದವನ್ನು ಸೂಚಿಸಿದನಲ್ಲದೆ, 2007ರಲ್ಲಿ ಸ್ಟಾಲಿನ್ನನನ್ನು ಖಂಡಿಸುವ ಹಾಡೊಂದನ್ನೂ ಕಟ್ಟಿದನು.

1942ರಲ್ಲಿ ಸೈನ್ಯಕ್ಕೆ ಸೇರಿ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಸೇವೆ ಸಲ್ಲಿಸಿದನು. 1943ರಲ್ಲಿ ಟೋಶಿ ಓಟಾ ಎಂಬಾಕೆಯನ್ನು ಮದುವೆಯಾದನು; ಎಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಆತನ ಸಭೆಗಳ ಏರ್ಪಾಡು, ಲೆಕ್ಕಪತ್ರ, ಮನೆವಾರ್ತೆಗಳೆಲ್ಲವನ್ನೂ ಹೊತ್ತವಳು ಆಕೆಯೇ. 1945ರ ಕೊನೆಯ ದಿನ ಸ್ನೇಹಿತರೊಡನೆ ಪೀಪಲ್ಸ್ ಸಾಂಗ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದನು. ಕಾರ್ಮಿಕರ ಹೋರಾಟದ ಹಾಡುಗಳನ್ನು ಸ್ವರಲಿಪಿಯೊಡನೆ ಅಚ್ಚುಮಾಡಿ ಊರೂರಿಗೆ ಕಳುಹಿಸುವುದು ಅದರ ಕೆಲಸ. ಹಣವಿಲ್ಲದೆ 1949ರಲ್ಲಿ ಅದು ಮುಚ್ಚಿತು.

3. ಕೀರ್ತಿಯೂ ಬಹಿಷ್ಕಾರವೂ

1948ರಲ್ಲಿ ಸೀಗರ್, ಲೀ ಹೇಸ್, ರಾನಿ ಗಿಲ್ಬರ್ಟ್, ಫ್ರೆಡ್ ಹೆಲರ್ಮನ್ ಎಂಬ ನಾಲ್ವರು ವೀವರ್ಸ್, ಎಂದರೆ ನೇಕಾರರು, ಎಂಬ ಹೆಸರಿನ ಮೇಳವನ್ನು ಕಟ್ಟಿಕೊಂಡರು. 1950ರಲ್ಲಿ ಇವರು ಹಾಡಿದ 'ಗುಡ್‌ನೈಟ್ ಐರೀನ್' 13 ವಾರಗಳ ಕಾಲ ದೇಶದ ಹಾಡುಗಳ ಮಾರಾಟದಲ್ಲಿ ಮೊದಲನೆಯ ಸ್ಥಾನದಲ್ಲಿತ್ತು. ಅದನ್ನು ಅವರು ಕಲಿತುದು ಆಫ್ರಿಕ ಮೂಲದ ಅಮೆರಿಕನನಾದ ಲೆಡ್‌ಬೆಲಿಯಿಂದ. ಹಾಡು ಮನೆಮನೆಯಲ್ಲಿ ಕೇಳಿಬರುವುದಕ್ಕೆ ಕೆಲವೇ ತಿಂಗಳು ಮುಂಚೆ, 1949ರ ಡಿಸೆಂಬರಿನಲ್ಲಿ, ಆತನು ಬಡತನದಲ್ಲಿ ತೀರಿಕೊಂಡಿದ್ದನು.

ಇದೇ ಕಾಲಕ್ಕೆ ಅಮೆರಿಕದಲ್ಲಿ ಕಮ್ಯೂನಿಸ್ಟರ ಬೇಟೆ ಆರಂಭವಾಗಿತ್ತು. 1949ರ ಸೆಪ್ಟೆಂಬರ್ 4ರಂದು ಪೀಕ್‌ಸ್ಕಿಲ್ ಎಂಬಲ್ಲಿ ಪಾಲ್ ರೋಬ್‌ಸನ್ನನ ಗಾನಸಭೆಯಿಂದ ಹಿಂದಿರುಗುತ್ತಿದ್ದವರ ಮೇಲೆ ಉದ್ರಿಕ್ತವಾದ ಗುಂಪು ಕಲ್ಲೆಸೆಯಿತು. ಸೀಗರನ ಮೋಟಾರಿನಲ್ಲಿ ಹೆಂಡತಿಯೂ ಎಳೆಯ ಮಕ್ಕಳೂ ಇದ್ದರು. ಒಳಗೆ ಬಿದ್ದ ಕಲ್ಲುಗಳನ್ನು ಆತನು ಇಟ್ಟುಕೊಂಡು, ಹಡ್ಸನ್ ನದಿಯ ಮೇಲಣ ಬೀಕನ್ನಿನಲ್ಲಿ ತಾನೇ ಕಟ್ಟುತ್ತಿದ್ದ ಮರದ ಮನೆಯ ಹೊಗೆಗೂಡಿಗೆ ಸೇರಿಸಿದನು. ಮರುವರ್ಷ ಆತನ ಹೆಸರು ಶಂಕಿತರ ಪಟ್ಟಿಯಲ್ಲಿ ಅಚ್ಚಾಯಿತು. ರೇಡಿಯೋ ಮತ್ತು ಟೆಲಿವಿಷನ್ ಬಾಗಿಲುಗಳು ಮುಚ್ಚಿದುವು. 1952ರಲ್ಲಿ ವೀವರ್ಸ್ ಮೇಳವು ಚದರಿತು.

1955ರ ಆಗಸ್ಟ್ 18ರಂದು ಅಮೆರಿಕದ ಪ್ರತಿನಿಧಿಸಭೆಯ ವಿಚಾರಣಾಸಮಿತಿಯು ಆತನನ್ನು ಕರೆಯಿಸಿತು. ಇಂಥ ಪ್ರಸಂಗದಲ್ಲಿ ಸಾಕ್ಷಿಗಳಿಗೆ ಒಂದು ಸುರಕ್ಷಿತವಾದ ದಾರಿಯಿತ್ತು. ಯಾರೂ ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯಬೇಕಾಗಿಲ್ಲವೆಂಬ ಐದನೆಯ ತಿದ್ದುಪಡಿಯನ್ನು ಮುಂದೊಡ್ಡಿದರೆ ಸೆರೆಮನೆ ತಪ್ಪುತ್ತಿತ್ತು. ಸೀಗರನು ಅದನ್ನು ಹಿಡಿಯಲಿಲ್ಲ. ಒಬ್ಬ ಪ್ರಜೆಯ ರಾಜಕೀಯ ಅಭಿಪ್ರಾಯವನ್ನೂ ಸಹವಾಸವನ್ನೂ ಮತದಾನವನ್ನೂ ಕುರಿತು ಕೇಳುವ ಅಧಿಕಾರವೇ ಸಮಿತಿಗೆ ಇಲ್ಲವೆಂದು ವಾದಿಸಿದನು. ಯಾರ ಸಭೆಯಲ್ಲಿ ಹಾಡಿದೆಯೆಂದು ಕೇಳಿದಾಗ, ಎಲ್ಲ ಬಗೆಯ ಅಭಿಪ್ರಾಯದವರಿಗಾಗಿಯೂ ಹಾಡಿರುವೆನೆಂದೂ, ಬೇಕಾದರೆ ಆ ಹಾಡುಗಳನ್ನು ಅಲ್ಲಿಯೇ ಹಾಡಿ ತೋರಿಸುವೆನೆಂದೂ ಹೇಳಿದನು, ಸಮಿತಿಯು ಒಪ್ಪಲಿಲ್ಲ. 1947ರಲ್ಲಿ ಇಂಥದೇ ನಿಲುವನ್ನು ಹಿಡಿದ ಹಾಲಿವುಡ್ಡಿನ ಹತ್ತು ಮಂದಿ ಸೆರೆಮನೆಗೆ ಹೋಗಿದ್ದರೆಂಬುದನ್ನು ನೆನೆದರೆ, ಈ ಉತ್ತರದ ಬೆಲೆಯು ಆತನಿಗೆ ತಿಳಿದೇ ಇತ್ತೆಂದು ಊಹಿಸಬಹುದು. 1957ರಲ್ಲಿ ಕಾಂಗ್ರೆಸ್ ಸಭೆಯನ್ನು ಉಪೇಕ್ಷಿಸಿದನೆಂಬ ಹತ್ತು ಆಪಾದನೆಗಳು ಹೊರಿಸಲ್ಪಟ್ಟುವು. 1961ರಲ್ಲಿ ಒಂದು ವರ್ಷದ ಸೆರೆವಾಸದ ಶಿಕ್ಷೆಯಾಯಿತು. 1962ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯವು ಆಪಾದನಾಪತ್ರವೇ ದೋಷಯುಕ್ತವೆಂದು ಶಿಕ್ಷೆಯನ್ನು ರದ್ದುಮಾಡಿತು.

ಈ ಏಳು ವರ್ಷಗಳಲ್ಲಿ ಆತನು ಸುಮ್ಮನೆ ಕುಳಿತಿರಲಿಲ್ಲ. ದೊಡ್ಡ ರಂಗಗಳು ಮುಚ್ಚಿದುದರಿಂದ ಪಾಠಶಾಲೆ, ಕಾಲೇಜು, ಬೇಸಗೆಯ ಮಕ್ಕಳ ಶಿಬಿರಗಳಿಗೆ ಹೋಗಿ ಅಲ್ಪವಾದ ಸಂಭಾವನೆಗೆ ಹಾಡಿದನು. ಫೋಕ್‌ವೇಸ್ ಎಂಬ ಸಣ್ಣ ಸಂಸ್ಥೆಯ ಮೂಲಕ ನೂರಾರು ಹಳೆಯ ಹಾಡುಗಳನ್ನು ಧ್ವನಿಮುದ್ರಿಸಿದನು. 1960ರ ದಶಕದಲ್ಲಿ ಬ್ಯಾಂಜೋ ಗಿಟಾರುಗಳನ್ನು ಹಿಡಿದು ಬೀದಿಗಿಳಿದ ತರುಣರಲ್ಲಿ ಅನೇಕರು ಹುಡುಗತನದಲ್ಲಿ ಆತನೆದುರಿಗೆ ಕುಳಿತು ಹಾಡಿದವರೇ. ಬಾಯಿ ಮುಚ್ಚಿಸಬೇಕೆಂದು ಮಾಡಿದ ಬಹಿಷ್ಕಾರವು ಹೀಗೆ ಸಾವಿರ ಬಾಯಿಗಳನ್ನು ತೆರೆಯಿಸಿತು. ಟೆಲಿವಿಷನ್ನಿನ ಮುಖ್ಯ ಜಾಲಕ್ಕೆ ಆತನು ಹಿಂದಿರುಗಿದುದು 17 ವರ್ಷಗಳ ಮೇಲೆ, 1967ರಲ್ಲಿ. ಆಗಲೂ ವಿಯೆಟ್ನಾಂ ಯುದ್ಧವನ್ನು ಅನ್ಯೋಕ್ತಿಯಿಂದ ಟೀಕಿಸುವ ಹಾಡನ್ನು ಅಧಿಕಾರಿಗಳು ಕತ್ತರಿಸಿಹಾಕಿದರು. ಜನರ ಆಕ್ಷೇಪಣೆಯ ಮೇಲೆ 1968ರ ಫೆಬ್ರುವರಿಯಲ್ಲಿ ಅದು ಪ್ರಸಾರವಾಯಿತು.

4. ಗಾನಪದ್ಧತಿ

ಸೀಗರನ ಕಂಠವು ಅಸಾಧಾರಣವಾದುದಲ್ಲ. ಆತನ ವೈಶಿಷ್ಟ್ಯವಿದ್ದುದು ಹಾಡಿಸುವ ಕಲೆಯಲ್ಲಿ. ಸಭೆಯು ಒಂದು ಸಾಲನ್ನು ಮುಗಿಸುವಷ್ಟರಲ್ಲಿ, ತಾಳ ತಪ್ಪದಂತೆ, ಮುಂದಿನ ಸಾಲನ್ನು ಬೇಗನೆ ಮಾತಿನಲ್ಲಿ ನುಡಿದುಬಿಡುತ್ತಿದ್ದನು. ಹಾಡು ಬಾರದವರೂ ಹಾಡಬಲ್ಲವರಾಗುತ್ತಿದ್ದರು. ಭಜನೆಯ ಮನೆಯಲ್ಲಿ ಮುಂದಾಳು ನುಡಿಯನ್ನು ಎತ್ತಿಕೊಡುವ ಕ್ರಮವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ಬಳಿಕ ಸಭೆಯನ್ನು ಭಾಗಮಾಡಿ, ಒಬ್ಬರಿಗೆ ಮಂದ್ರ, ಒಬ್ಬರಿಗೆ ತಾರವೆಂದು ಬೇರೆಬೇರೆ ಸ್ವರಪಂಕ್ತಿಗಳನ್ನು ಹಂಚುತ್ತಿದ್ದನು. ಹಾಡು ತುಂಬಿಬಂದಾಗ ತಾನು ಸುಮ್ಮನಾಗಿ, ತಲೆಯೆತ್ತಿ ಕೇಳುತ್ತ ನಿಲ್ಲುತ್ತಿದ್ದನು. ಸಾಮಾನ್ಯವಾಗಿ ಗಾಯಕನಿಗೆ ಹಿಮ್ಮೇಳವಿರುವುದು. ಇಲ್ಲಿ ಸಭೆಯೇ ಮುಮ್ಮೇಳವಾಗಿ ಗಾಯಕನು ಹಿಮ್ಮೇಳವಾಗುವನು. ಒಟ್ಟಿಗೆ ಹಾಡಿದವರು ಒಟ್ಟಿಗೆ ಕೆಲಸಮಾಡಲೂ ಧೈರ್ಯಗೊಳ್ಳುವರೆಂಬುದು ಆತನ ನಂಬಿಕೆ. 1963ರಲ್ಲಿ ಹೆಂಡತಿಮಕ್ಕಳೊಡನೆ ಕೈಗೊಂಡ ಲೋಕಸಂಚಾರದಲ್ಲಿ ಭಾರತಕ್ಕೂ ಬಂದಾಗ ಆತನು ಅನುಸರಿಸಿದುದು ಇದೇ ಪದ್ಧತಿಯನ್ನು.

5. ಮೂರು ಹಾಡುಗಳ ವೃತ್ತಾಂತ

ಹಾಡು ಯಾರದೆಂಬ ಪ್ರಶ್ನೆಗೆ ಆತನ ಜೀವನದಲ್ಲಿ ದೊರೆತ ಉತ್ತರಗಳನ್ನು ಮೂರು ಹಾಡುಗಳಿಂದ ತಿಳಿಯಬಹುದು.

ಮೊದಲನೆಯದು 'ವೇರ್ ಹ್ಯಾವ್ ಆಲ್ ದಿ ಫ್ಲವರ್ಸ್ ಗಾನ್'. ಷೋಲಕೋವನ ಡಾನ್ ನದಿಯ ಕಾದಂಬರಿಯಲ್ಲಿ ಬರುವ ಕೊಸ್ಸಾಕರ ಜನಪದಗೀತೆಯೊಂದರ ಕೆಲವು ಮಾತುಗಳನ್ನು ಸೀಗರನು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡಿದ್ದು, 1955ರಲ್ಲಿ ವಿಮಾನದಲ್ಲಿ ಕುಳಿತಿದ್ದಾಗ ಅದರಿಂದ ಮೂರು ನುಡಿಗಳ ಹಾಡನ್ನು ಕಟ್ಟಿದನು. 1960ರಲ್ಲಿ ಜೋ ಹಿಕರ್ಸನ್ ಎಂಬ ತರುಣನು ಮಕ್ಕಳ ಶಿಬಿರದಲ್ಲಿ ಹಾಡಿಸುತ್ತ ಮತ್ತಷ್ಟು ನುಡಿಗಳನ್ನು ಸೇರಿಸಿ ಅದನ್ನು ಪೂರ್ಣಗೊಳಿಸಿದನು. ಸೀಗರನು ಆ ಸೇರ್ಪಡೆಯನ್ನು ಒಪ್ಪಿ, ರಾಯಲ್ಟಿ ಹಣದಲ್ಲಿ ಹಿಕರ್ಸನ್ನನಿಗೂ ಪಾಲನ್ನು ಗೊತ್ತುಮಾಡಿದನು. ಕೈಯಿಂದ ಕೈಗೆ ಹಾಡು ಬೆಳೆದು, ಬೆಳೆಸಿದವರಿಗೆ ಫಲವೂ ಸಂದ ಉದಾಹರಣೆ ಇದು.

ಎರಡನೆಯದು 'ವಿ ಶಲ್ ಓವರ್‌ಕಮ್'. ಇದರ ಬೇರು ಆಫ್ರಿಕ ಮೂಲದ ಅಮೆರಿಕನರ ಚರ್ಚುಗಳ ಭಕ್ತಿಗೀತೆಗಳಲ್ಲಿದೆ. 1945–46ರಲ್ಲಿ ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ ನಗರದಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಹೆಂಗಸರು ಅದನ್ನು ಹಾಡಿಕೊಳ್ಳುತ್ತಿದ್ದರು. ಟೆನಿಸಿ ಸಂಸ್ಥಾನದ ಹೈಲ್ಯಾಂಡರ್ ಶಾಲೆಯ ಜಿಲ್ಫಿಯ ಹಾರ್ಟನ್ ಎಂಬಾಕೆ ಅವರಿಂದ ಕಲಿತು 1947ರಲ್ಲಿ ಸೀಗರನಿಗೆ ಕಲಿಸಿದಳು. ಆತನು ಕೆಲವು ನುಡಿಗಳನ್ನು ಸೇರಿಸಿ ಊರೂರಿನಲ್ಲಿ ಹಾಡಿಸಿದನು. ಹಾಡಿನ ಮೊದಲಲ್ಲಿದ್ದ 'ವಿಲ್' ಎಂಬುದನ್ನು 'ಶಲ್' ಎಂದು ತಿದ್ದಿದವರಾರೆಂಬ ವಿಷಯದಲ್ಲಿಯೂ ಆತನು ಕೀರ್ತಿಯನ್ನು ತನ್ನದೇ ಎಂದು ಕಟ್ಟಿಕೊಳ್ಳದೆ, ಅದು ಸೆಪ್ಟಿಮ ಕ್ಲಾರ್ಕ್ ಎಂಬ ಶಿಕ್ಷಕಿಯ ಕೆಲಸವಾಗಿರಬಹುದೆಂದು ಹೇಳಿದನು. 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದ ಹೈಲ್ಯಾಂಡರ್ ಸಭೆಯಲ್ಲಿ ಇದನ್ನು ಹಾಡಿದನು. 1960ರಲ್ಲಿ ಗೈ ಕ್ಯಾರವಾನನು ಇದನ್ನು ವಿದ್ಯಾರ್ಥಿಗಳ ಚಳವಳಿಗೆ ಕಲಿಸಿದ ಮೇಲೆ ಇದು ದೇಶವ್ಯಾಪಿಯಾಯಿತು. ವ್ಯಾಪಾರಿಗಳ ಕೈಗೆ ಸಿಕ್ಕದಿರಲೆಂದು ಹಾರ್ಟನ್, ಹ್ಯಾಮಿಲ್ಟನ್, ಕ್ಯಾರವಾನ್, ಸೀಗರ್ ಎಂಬ ನಾಲ್ವರ ಹೆಸರಿನಲ್ಲಿ ಕೃತಿಸ್ವಾಮ್ಯವನ್ನು ನೋಂದಾಯಿಸಿ, ಬರುವ ಹಣವನ್ನೆಲ್ಲ ದಕ್ಷಿಣ ಸಂಸ್ಥಾನಗಳ ಆಫ್ರಿಕ ಮೂಲದ ಜನರ ಕಾರ್ಯಗಳಿಗಾಗಿ ನಿಧಿಯೊಂದಕ್ಕೆ ಬಿಟ್ಟುಕೊಟ್ಟರು. ಹಿಂದಿ, ಕನ್ನಡ ಮೊದಲಾದ ಭಾರತೀಯ ಭಾಷೆಗಳಲ್ಲಿಯೂ ಇದರ ರೂಪಾಂತರಗಳು ಶಾಲೆಗಳಲ್ಲಿಯೂ ಮೆರವಣಿಗೆಗಳಲ್ಲಿಯೂ ಹಾಡಲ್ಪಡುತ್ತಿವೆ.

ಮೂರನೆಯ ವೃತ್ತಾಂತವು ದುಃಖಕರವಾದುದು. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ ಸಾಲಮನ್ ಲಿಂಡ ಎಂಬ ಜುಲು ಗಾಯಕನು 1939ರಲ್ಲಿ 'ಎಂಬೂಬೆ' ಎಂಬ ಹಾಡನ್ನು ಧ್ವನಿಮುದ್ರಿಸಿದನು. ಆ ಪದಕ್ಕೆ ಸಿಂಹವೆಂದರ್ಥ. ಲೋಮ್ಯಾಕ್ಸನ ಮೂಲಕ ಆ ತಟ್ಟೆ ಸೀಗರನ ಕೈಸೇರಿತು. ಆತನು ಕೇಳಿ ಬರೆದುಕೊಂಡು, ಜುಲು ಪದವನ್ನು 'ವಿಮೊವೆ' ಎಂದು ತಪ್ಪಾಗಿ ಗ್ರಹಿಸಿ, ವೀವರ್ಸ್ ಮೇಳದಿಂದ ಹಾಡಿಸಿದನು. ಅಚ್ಚಿನಲ್ಲಿ ಕರ್ತೃವೆಂದು ಕಾಣಿಸಿದುದು ಲಿಂಡನ ಹೆಸರಲ್ಲ, ಮೇಳದವರು ಹಳೆಯ ಜನಪದಗೀತೆಗಳಿಗೆ ಇಡುತ್ತಿದ್ದ ಒಂದು ಕಲ್ಪಿತನಾಮ. ಕರ್ತೃವಿರುವನೆಂದು ತಿಳಿದಮೇಲೆ ಸೀಗರನು ಲಿಂಡನಿಗೆ 1000 ಡಾಲರುಗಳನ್ನು ಕಳುಹಿಸುವ ಏರ್ಪಾಡು ಮಾಡಿ, ಮುಂದೆಯೂ ಹಣವು ಸಲ್ಲುವುದೆಂದು ನಂಬಿ ಸುಮ್ಮನಾದನು. 1961ರಲ್ಲಿ ಅದೇ ಧಾಟಿಯ ಮೇಲೆ ಬೇರೆಯವರು ಕಟ್ಟಿದ 'ದಿ ಲಯನ್ ಸ್ಲೀಪ್ಸ್ ಟುನೈಟ್' ಅಪಾರ ಧನವನ್ನು ಗಳಿಸಿತು. ಲಿಂಡನು 1962ರಲ್ಲಿ ನಿರ್ಗತಿಕನಾಗಿ ಸತ್ತನು. ಆತನ ಹೆಣ್ಣುಮಕ್ಕಳು ಹೂಡಿದ ವ್ಯಾಜ್ಯವು ರಾಜಿಯಾಗಿ ಅವರಿಗೆ ನ್ಯಾಯ ದೊರೆತುದು 2006ರಲ್ಲಿ. ಆಗಲೇ ಸರಿಯಾಗಿ ವಿಚಾರಿಸದೆ ಹೋದೆನೆಂದು ಸೀಗರನು ವೃದ್ಧಾಪ್ಯದಲ್ಲಿ ನೊಂದುಕೊಂಡನು. ಜನಪದದ್ದೆಂದರೆ ಯಾರದೂ ಅಲ್ಲವೆಂಬ ಭಾವನೆಯು ಎಷ್ಟು ಅನರ್ಥಕ್ಕೆ ಎಡೆಗೊಡಬಲ್ಲುದೆಂಬುದಕ್ಕೆ ಇದೇ ನಿದರ್ಶನ.

6. ನದಿಯ ಕಾರ್ಯ

ಬೀಕನ್ನಿನ ಮನೆಯ ಕೆಳಗೆ ಹರಿಯುವ ಹಡ್ಸನ್ ನದಿಯು 1960ರ ದಶಕದ ಹೊತ್ತಿಗೆ ಊರುಗಳ ಕೊಚ್ಚೆಯಿಂದಲೂ ಕಾರ್ಖಾನೆಗಳ ವಿಷದಿಂದಲೂ ಕೆಟ್ಟುಹೋಗಿತ್ತು. ಹಿಂದೆ ಆ ನದಿಯಲ್ಲಿ ಒಂದೇ ಕೂವೆಮರದ ಹಾಯಿಹಡಗುಗಳು ಸಂಚರಿಸುತ್ತಿದ್ದುವೆಂದು ಪುಸ್ತಕವೊಂದರಲ್ಲಿ ಓದಿ, ಅಂಥದೊಂದನ್ನು ಕಟ್ಟಿಸಿದರೆ ಜನರು ನದಿಯ ಬಳಿಗೆ ಬರುವರು, ಬಂದು ನೋಡಿದರೆ ಅದನ್ನು ಪ್ರೀತಿಸುವರು, ಪ್ರೀತಿಸಿದರೆ ಕಾಪಾಡುವರು ಎಂದು ಸೀಗರನು ಆಲೋಚಿಸಿದನು. ಗಾನಸಭೆಗಳಿಂದಲೂ ಸಣ್ಣ ಚಂದಾಗಳಿಂದಲೂ ಹಣ ಕೂಡಿತು. 106 ಅಡಿ ಉದ್ದದ 'ಕ್ಲಿಯರ್‌ವಾಟರ್' ಹಡಗು 1969ರ ಮೇ 17ರಂದು ಮೇನ್ ಸಂಸ್ಥಾನದಲ್ಲಿ ನೀರಿಗಿಳಿಯಿತು. ಅದರಲ್ಲಿ ಶಾಲೆಯ ಮಕ್ಕಳು ಹಗ್ಗ ಹಿಡಿದು ಹಾಡುತ್ತ ಹಾಯಿಯನ್ನೇರಿಸುವರು, ಬಲೆ ಬೀಸಿ ಮೀನುಗಳನ್ನು ಪರೀಕ್ಷಿಸುವರು. ಭಾರವಾದ ಹಾಯಿಯನ್ನು ಒಬ್ಬನಿಂದ ಎತ್ತಲಾಗದು. ಹತ್ತು ಕೈ ಕೂಡಬೇಕು. ಸಮೂಹಗಾನದ ತತ್ತ್ವವೇ ಇಲ್ಲಿ ಮರ ಮತ್ತು ಹಗ್ಗಗಳ ರೂಪವನ್ನು ತಳೆಯಿತು.

ಅಮೆರಿಕದ ಜಲಶುದ್ಧಿಯ ಕಾನೂನು 1972ರಲ್ಲಿ ಬಂದಿತು. 1947ರಿಂದ 1977ರ ವರೆಗೆ ವಿದ್ಯುದುಪಕರಣಗಳ ಕಾರ್ಖಾನೆಗಳಿಂದ ನದಿಗೆ ಸೇರಿದ ಪಿ.ಸಿ.ಬಿ. ಎಂಬ ವಿಷವಸ್ತುವು 13 ಲಕ್ಷ ಪೌಂಡಿನಷ್ಟಿರಬಹುದೆಂದು ಸರ್ಕಾರದ ಅಂದಾಜು. ಅದನ್ನು ತೆಗೆಯಿಸಬೇಕೆಂದು ಬಹುಕಾಲ ಒತ್ತಾಯಪಡಿಸಿದ ಸಂಸ್ಥೆಗಳಲ್ಲಿ ಕ್ಲಿಯರ್‌ವಾಟರ್ ಸಂಘವೂ ಒಂದು. ಹೂಳೆತ್ತುವ ಕಾರ್ಯವು 2009ರಲ್ಲಿ ತೊಡಗಿ 2015ರಲ್ಲಿ ಮುಗಿಯಿತು; ಅದರ ಅಂತ್ಯವನ್ನು ನೋಡಲು ಸೀಗರನು ಉಳಿದಿರಲಿಲ್ಲ.

7. ಉಪಸಂಹಾರ

ಒಂದು ಕಾಲದಲ್ಲಿ ದ್ರೋಹಿಯೆಂದು ವಿಚಾರಣೆಗೊಳಗಾದವನಿಗೆ 1994ರಲ್ಲಿ ಅದೇ ದೇಶದ ಸರ್ಕಾರವು ಕಲೆಗಳ ರಾಷ್ಟ್ರೀಯ ಪದಕವನ್ನಿತ್ತಿತು. 2009ರ ಜನವರಿಯಲ್ಲಿ ಅಧ್ಯಕ್ಷ ಒಬಾಮನ ಪದವೀಸ್ವೀಕಾರದ ಅಂಗವಾಗಿ ಲಿಂಕನ್ ಸ್ಮಾರಕದಲ್ಲಿ ನಡೆದ ಸಭೆಯಲ್ಲಿ ಆತನು ಗಥ್ರಿಯ ಪ್ರಸಿದ್ಧಗೀತೆಯನ್ನು, ಸಾಮಾನ್ಯವಾಗಿ ಬಿಟ್ಟುಬಿಡುವ ಬಡವರ ಪರವಾದ ನುಡಿಗಳೊಡನೆ, ಜನಸ್ತೋಮದಿಂದ ಹಾಡಿಸಿದನು. 2012ರ ಏಪ್ರಿಲಿನಲ್ಲಿ ನಾರ್ವೆ ದೇಶದ ಓಸ್ಲೋ ನಗರದಲ್ಲಿ, ಸಾಮೂಹಿಕ ಹತ್ಯೆ ನಡೆಸಿದವನ ವಿಚಾರಣೆ ಸಾಗಿದ್ದಾಗ, ಸುಮಾರು 40,000 ಮಂದಿ ಮಳೆಯಲ್ಲಿ ನಿಂತು ಸೀಗರನ ಹಾಡೊಂದರ ನಾರ್ವೇಜಿಯನ್ ರೂಪವನ್ನು ಹಾಡಿದರು. ಆತನು ಅಲ್ಲಿರಲಿಲ್ಲ; ಇರಬೇಕಾದ ಅವಶ್ಯಕತೆಯೂ ಇರಲಿಲ್ಲ. 2013ರಲ್ಲಿ ಟೋಶಿಯೂ, 2014ರ ಜನವರಿ 27ರಂದು, 94ನೆಯ ವಯಸ್ಸಿನಲ್ಲಿ, ಸೀಗರನೂ ತೀರಿಕೊಂಡರು.

ಲಿಂಡನ ವೃತ್ತಾಂತವನ್ನೂ ಚಾರ್ಲ್ಸ್‌ಟನ್ನಿನ ಹೆಂಗಸರ ಹಾಡಿನ ವೃತ್ತಾಂತವನ್ನೂ ಜೊತೆಯಲ್ಲಿಟ್ಟು ನೋಡಿದರೆ ಒಂದು ನಿರ್ಣಯಕ್ಕೆ ಬರಬಹುದು. ಹಾಡು ಎಲ್ಲರ ಬಾಯಿಗೂ ಸೇರಿದ್ದು. ಆದರೆ ಅದರಿಂದ ಹಣ ಹುಟ್ಟಿದಾಗ ಅದು ಹಾಡನ್ನು ಹೆತ್ತವರಿಗೆ ಮೊದಲು ಸಲ್ಲತಕ್ಕದ್ದು. ಮೊದಲನೆಯ ಮಾತನ್ನು ಸೀಗರನು ಹುಟ್ಟಿನಿಂದಲೇ ಅರಿತಿದ್ದನು. ಎರಡನೆಯದನ್ನು ತಡವಾಗಿ ಕಲಿತನು. ಜನಪದಸಾಹಿತ್ಯವನ್ನು ಸಂಗ್ರಹಿಸುವವರೆಲ್ಲರೂ ಹಾಡಿನೊಡನೆ ಹಾಡಿದವರ ಹೆಸರನ್ನೂ ಊರನ್ನೂ ತಪ್ಪದೆ ಬರೆದಿಡಬೇಕೆಂಬ ನಿಯಮಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ. 'ವಿ ಶಲ್ ಓವರ್‌ಕಮ್' ಗೀತೆಯ ಸ್ವಾಮ್ಯವನ್ನು ಕುರಿತ ವ್ಯಾಜ್ಯವು 2018ರಲ್ಲಿ ರಾಜಿಯಾಗಿ, ಆ ಹಾಡು ಯಾರ ಅಪ್ಪಣೆಯೂ ಇಲ್ಲದೆ ಎಲ್ಲರೂ ಹಾಡಬಹುದಾದ ಸಾರ್ವಜನಿಕ ಸ್ವತ್ತಾಯಿತು.